ಎಲೆಯ ಹೆಸರು ಹೊತ್ತ ಅಡಿಕೆ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಎಲೆ ಯಾವುದು, ಅಡಿಕೆ ಯಾವುದು ಎಂದು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಎಲೆ ಬಳ್ಳಿಯದು, ಅಡಿಕೆ ಮರದ್ದು. ಎಲೆಗೆ ನೀರು ಚಿಮುಕಿಸಿ ಒದ್ದೆ ಬಟ್ಟೆ ಸುತ್ತಿಟ್ಟರೂ ಕೆಲವೇ ದಿನಕ್ಕೆ ಹಳದಿ ತಿರುಗುತ್ತದೆ. ಅಡಿಕೆಯನ್ನು ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿ, ಧಾರಣೆ ಏರಲಿ ಎಂದು ವರ್ಷಗಟ್ಟಲೆ ಕಾಯಬಹುದು. ಎಲೆಯ ವ್ಯಾಪಾರ ಕಟ್ಟಿನ ಲೆಕ್ಕ, ಅಡಿಕೆಯದು ಕ್ವಿಂಟಾಲಿನ ಲೆಕ್ಕ. ಮದುವೆ ಮನೆಯ ತಟ್ಟೆಯಲ್ಲಿ ಎರಡೂ ಜೊತೆಗೆ ಬರುತ್ತವೆ, ಬಾಯೊಳಗೆ ಒಂದಾಗುತ್ತವೆ, ಆಡುಮಾತಿನಲ್ಲೂ ‘ಎಲಡಿಕೆ’ ಎಂದು ಬೆಸೆದುಹೋಗುತ್ತವೆ. ಹಾಗಿದ್ದೂ ಅಡಿಕೆಯನ್ನು ತೋರಿಸಿ ‘ಇದು ಎಲೆಯ ಕಾಯಿ’ ಎಂದರೆ ಈ ಊರುಗಳಲ್ಲಿ ಮಗ್ಗಿ ಬಾರದ ಮಗುವೂ ನಗುತ್ತದೆ.

ಇಂಗ್ಲಿಷ್ ನಗುವುದಿಲ್ಲ. ಶತಮಾನಗಳಿಂದ ಅದು ಹಾಗೆಯೇ ಹೇಳುತ್ತ ಬಂದಿದೆ.

ಆ ಭಾಷೆಯಲ್ಲಿ ಈ ಜೋಡಿಗೆ ಎರಡು ಪದಗಳಿವೆ, ಬೀಟಲ್ ಮತ್ತು ಅರೆಕ. ಬೀಟಲ್ ಎಂದರೆ ವೀಳ್ಯದೆಲೆ, ಅರೆಕ ಎಂದರೆ ಅಡಿಕೆ. ಪದಕೋಶ ತೆರೆದರೆ ಗೊಂದಲಕ್ಕೆ ಎಡೆಯೇ ಇಲ್ಲ. ಆದರೆ ಪದಕೋಶ ಮುಚ್ಚಿ ಪತ್ರಿಕೆ, ಪಾಠಪುಸ್ತಕ, ಕೋರ್ಟಿನ ತೀರ್ಪು, ಪ್ರವಾಸದ ಕಥನ ಯಾವುದನ್ನು ತೆರೆದರೂ ಅಡಿಕೆ ‘ಬೀಟಲ್ ನಟ್’ ಆಗಿ ಕೂತಿರುತ್ತದೆ. ಹೋಳಿಗೆಗೆ ಹಾಕಿಕೊಳ್ಳುವ ತುಪ್ಪವನ್ನು ‘ಹೋಳಿಗೆ ತುಪ್ಪ’ ಎಂದು ಕರೆದು, ಕಡೆಗೆ ತುಪ್ಪವನ್ನು ಹೋಳಿಗೆಯಿಂದ ಕಾಯಿಸಿ ತೆಗೆಯುತ್ತಾರೆಂದು ನಂಬಿದ ಹಾಗಾಯಿತು ಇದು. ಎಲೆಯ ಜೊತೆ ಜಗಿಯುವ ಬೀಜ ಎಂಬ ಅರ್ಥದಲ್ಲಿ ಹುಟ್ಟಿದ ಹೆಸರು, ಎಲೆಬಳ್ಳಿಯಲ್ಲಿ ಬಿಡುವ ಬೀಜ ಎಂಬ ಅರ್ಥಕ್ಕೆ ತಾನಾಗಿಯೇ ಜಾರಿತು. ತರೀಕೆರೆಯ ತೋಟದ ಮನೆಯಿಂದ ಹೋಗಿ ಬೆಂಗಳೂರಿನ ಕಾಲೇಜಿನಲ್ಲಿ ಓದುವ ಹುಡುಗಿ ಅರ್ಜಿಯೊಂದರಲ್ಲಿ ತಂದೆಯ ಕಸುಬು ಬರೆಯುವಾಗ ‘ಬೀಟಲ್ ನಟ್ ಫಾರ್ಮರ್’ ಎಂದು ಬರೆದರೆ ಅದು ಅವಳ ತಪ್ಪಲ್ಲ. ಅವಳು ಓದಿದ ಪುಸ್ತಕ ಹಾಗೆ ಹೇಳಿತ್ತು.

ತಮಾಷೆಯೆಂದರೆ ಎರಡೂ ಪದಗಳು ಇಲ್ಲಿಂದಲೇ ಹೋದವು. ತಮಿಳಿನಲ್ಲಿ ವೆಟ್ರಿಲೈ, ಮಲಯಾಳದಲ್ಲಿ ವೆಟ್ಟಿಲ. ಪೋರ್ಚುಗೀಸರ ನಾಲಗೆಯಲ್ಲಿ ಅದು ಬೆತ್ರೆ, ಬೆತ್ಲೆ ಎಂದೆಲ್ಲ ಹೊರಳಿ ಇಂಗ್ಲಿಷಿಗೆ ಬೀಟಲ್ ಆಗಿ ಬಂತು. ಅರೆಕದ ಮೂಲವನ್ನು ಪದಕೋಶಗಳು ಮಲಯಾಳದ ಅಡಯ್ಕದಲ್ಲಿ ಹುಡುಕುತ್ತವೆ, ಕೆಲವು ಕನ್ನಡದ ಅಡಿಕೆಯನ್ನೇ ಹೆಸರಿಸುತ್ತವೆ. ದಾಯಾದಿಗಳ ಈ ಜಗಳದಲ್ಲಿ ಯಾರು ಗೆದ್ದರೂ ಮನೆತನ ಒಂದೇ. ಯುರೋಪಿನವರ ಕಿವಿಗೆ ನಮ್ಮ ‘ಡ’ಕಾರ ‘ರ’ಕಾರವಾಗಿ ಕೇಳಿಸಿದ್ದರಿಂದ ಅಡಿಕೆ ಅರೆಕವಾಯಿತು, ಅಷ್ಟೆ.

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಾಗ ಅವನ ಜೊತೆಗಿದ್ದ ಹೆಸರು ತಿಳಿಯದ ಒಬ್ಬ ದಿನಚರಿ ಬರೆದಿಟ್ಟ. ಸಾಮೂದಿರಿ ರಾಜ ಏನನ್ನೋ ಜಗಿಯುತ್ತ ಚಿನ್ನದ ಪೀಕದಾನಿಗೆ ಚರಟ ಉಗಿಯುತ್ತಿದ್ದುದನ್ನು ಅವನು ಬೆರಗಿನಿಂದ ನೋಡಿದ. ಆ ಜಗಿತಕ್ಕೆ ಅವನು ಕೇಳಿಸಿಕೊಂಡ ಹೆಸರು ‘ಅತಾಂಬೋರ್’, ಅಂದರೆ ತಾಂಬೂಲ. ಮೊದಲ ದಿನಕ್ಕೆ ಅಷ್ಟೇ ಸಾಕಾಗಿತ್ತು. ಮುಂದೆ ಗೋವೆಯಲ್ಲಿ ನೆಲೆಸಿದ ವೈದ್ಯ ಗಾರ್ಸಿಯಾ ದ ಒರ್ಟ 1563ರಲ್ಲಿ ಅಲ್ಲೇ ಅಚ್ಚು ಹಾಕಿಸಿದ ಗಿಡಮೂಲಿಕೆಗಳ ಪುಸ್ತಕದಲ್ಲಿ ಅಡಿಕೆಗೆ ಒಂದು ಸಂಭಾಷಣೆ, ಎಲೆಗೆ ಬೇರೊಂದು ಸಂಭಾಷಣೆ ಮೀಸಲಿಟ್ಟ. ಪೋರ್ಚುಗೀಸರು ಪದ ಕದ್ದರೂ ಲೆಕ್ಕ ತಪ್ಪಲಿಲ್ಲ. ಕಲಸುಮೇಲೋಗರ ಆದದ್ದು ಇಂಗ್ಲಿಷರ ಕೈಯಲ್ಲಿ. ಟಿಪ್ಪು ಮಡಿದ ಬೆನ್ನಿಗೇ, 1800ರಿಂದ 1801ರವರೆಗೆ ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಗಿಡಮರ ಚೆನ್ನಾಗಿ ಬಲ್ಲವನು, ವೃತ್ತಿಯಿಂದ ವೈದ್ಯ. ಅವನೂ 1807ರಲ್ಲಿ ಪ್ರಕಟಿಸಿದ ಮೂರು ಸಂಪುಟಗಳಲ್ಲಿ ಅಡಿಕೆ ತೋಟಕ್ಕೆ ಬೀಟಲ್ ನಟ್ ಎಂಬ ಹೆಸರನ್ನೇ ಬಳಸಿದ. 1886ರಲ್ಲಿ ಹೆನ್ರಿ ಯೂಲ್ ಮತ್ತು ದಕ್ಷಿಣದ ಭಾಷೆಗಳನ್ನು ಬಲ್ಲ ಎ.ಸಿ. ಬರ್ನೆಲ್ ಸೇರಿ ಮಾಡಿದ ‘ಹಾಬ್ಸನ್-ಜಾಬ್ಸನ್’ ಪದಕೋಶ, ಅರೆಕ ಎಂಬಲ್ಲಿ ತಡೆದು, ಬೀಟಲ್ ನಟ್ ಎನ್ನುವುದು ಸರಿಯಾದ ಬಳಕೆಯಲ್ಲ, ಬೀಟಲ್ ಎಂಬ ಮಾತು ಎಲೆಗೆ ಸೇರಿದ್ದು ಎಂದು ಸ್ಪಷ್ಟವಾಗಿ ತಿದ್ದಿತು. ತಿದ್ದಿ ಶತಮಾನವೇ ಕಳೆದರೂ ಇಂಗ್ಲಿಷ್ ತಿದ್ದಿಕೊಂಡಿಲ್ಲ.

ಸಸ್ಯಶಾಸ್ತ್ರದ ಪ್ರಕಾರ ಈ ಎರಡಕ್ಕೂ ನಂಟೇ ಇಲ್ಲ. 1753ರಲ್ಲಿ ಲಿನೇಯಸ್ ಎರಡಕ್ಕೂ ಹೆಸರಿಟ್ಟ. ಎಲೆಬಳ್ಳಿ ಪೈಪರ್ ಬೀಟಲ್, ಅಡಿಕೆ ಅರೆಕ ಕ್ಯಾಟೆಚು. ಪೈಪರ್ ಎಂದರೆ ಮೆಣಸಿನ ಕುಲ. ಹಾಗಾಗಿ ವೀಳ್ಯದೆಲೆಯ ಒಡಹುಟ್ಟು ಕರಿಮೆಣಸು. ಅಡಿಕೆಯ ದಾಯಾದಿ ತೆಂಗು. ತೆಂಗು, ಈಚಲು, ಬಗನಿ, ತಾಳೆ ಎಲ್ಲ ಸೇರಿದ ಇಡೀ ತಾಳೆ ಕುಟುಂಬಕ್ಕೆ ಇವತ್ತು ಶಾಸ್ತ್ರೀಯವಾಗಿ ‘ಅರೆಕೇಸಿ’ ಎಂದು ಹೆಸರು. ಅಂದರೆ ಕಡೂರಿನ ತೆಂಗಿನ ತೋಟ, ಅರಬ್ಬರ ಖರ್ಜೂರದ ತೋಪು, ಮಲೇಷ್ಯಾದ ತಾಳೆಎಣ್ಣೆಯ ಪ್ಲಾಂಟೇಷನ್ ಇವೆಲ್ಲ ಅಡಿಕೆಯ ಹೆಸರಿನ ಮನೆತನದವು. ಇಷ್ಟು ದೊಡ್ಡ ಮನೆಯ ಯಜಮಾನನನ್ನು ನೆರೆಮನೆಯ ಬಳ್ಳಿಯ ಹೆಸರಿನಿಂದ ಕರೆಯುವುದು ಯಾವ ಮರ್ಯಾದೆ? ಹಾಗೆ ನೋಡಿದರೆ ಲಿನೇಯಸನೂ ಪೂರ್ತಿ ಬಚಾವಾಗಲಿಲ್ಲ. ಕ್ಯಾಟೆಚು ಎಂದರೆ ಕಾಚು. ಎಲಡಿಕೆಗೆ ಬಣ್ಣ ಕೊಡುವ ಕಾಚನ್ನು ತೆಗೆಯುವುದು ಬೇರೆಯದೇ ಮರದ ಚೇಗಿನಿಂದ. ತಟ್ಟೆಯ ಮೇಲೆ ಪಕ್ಕದಲ್ಲಿದ್ದವರ ಹೆಸರೆಲ್ಲ ಅಡಿಕೆಗೆ ಅಂಟಿಕೊಂಡಿವೆ. ಸುಣ್ಣ ಒಂದು ಬಾಕಿ. ಸುಣ್ಣಕ್ಕಾದರೂ ಇಂಗ್ಲಿಷಿನಲ್ಲಿ ನೆಮ್ಮದಿಯಿಲ್ಲ. ಅದು ಲೈಮ್, ನಿಂಬೆಯ ಜಾತಿಯ ಒಂದು ಹಣ್ಣೂ ಲೈಮ್.

ಗೊಂದಲಕ್ಕೆ ಒಂದು ಕಾರಣ ತೋಟದಲ್ಲೇ ಇದೆ ಎನ್ನಬಹುದು. ಮಲೆನಾಡಿನಲ್ಲಿ ಅಡಿಕೆ ಮರಕ್ಕೇ ಎಲೆಬಳ್ಳಿ ಹಬ್ಬಿಸುವುದುಂಟು, ಮೆಣಸಿನ ಬಳ್ಳಿಯನ್ನಂತೂ ಎಲ್ಲ ಕಡೆ ಹಬ್ಬಿಸುತ್ತಾರೆ. ದೂರದಿಂದ ನೋಡುವ ಪರದೇಶಿಗೆ ಮರದ ಮೈತುಂಬ ಎಲೆ, ತಲೆಯಲ್ಲಿ ಗೊನೆ. ಒಂದೇ ಗಿಡ ಎಂದುಕೊಂಡಿದ್ದರೆ ಕ್ಷಮಿಸಬಹುದು. ಬಯಲುಸೀಮೆಯ ಎಲೆದೋಟಗಳಲ್ಲಿ ಈ ಭ್ರಮೆಗೆ ಅವಕಾಶವಿಲ್ಲ. ಅಲ್ಲಿ ಬಳ್ಳಿಗೆ ಅಗಸೆ, ನುಗ್ಗೆ, ಹಾಲುವಾಣದ ಗಿಡಗಳೇ ಆಸರೆ. ತರೀಕೆರೆ ಎರಡೂ ಸೀಮೆಗಳ ಗಡಿ. ಪಶ್ಚಿಮಕ್ಕೆ ಕೆಮ್ಮಣ್ಣುಗುಂಡಿಯ ಬೆಟ್ಟ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟು. ಪೂರ್ವಕ್ಕೆ ಹೊರಳಿದರೆ ಅಜ್ಜಂಪುರದ ಈರುಳ್ಳಿ ಹೊಲ, ಕಡೂರಿನ ರಾಗಿ ಮತ್ತು ತೆಂಗು. ಆ ಹೊಲಗಳಲ್ಲೂ ಈಗ ಕೊಳವೆಬಾವಿಯ ಹಿಂದೆಯೇ ಅಡಿಕೆ ಸಸಿ ಬಂದು ನಿಂತಿದೆ. ನೀರು ಬತ್ತಿದ ಬೇಸಗೆಯಲ್ಲಿ ಟ್ಯಾಂಕರಿನಲ್ಲಿ ನೀರು ಹೊಯ್ದು ಉಳಿಸಿಕೊಂಡ ತೋಟಗಳೂ ಇವೆ. ಹಾಗಾಗಿ ಅಡಿಕೆಯ ಇಂಗ್ಲಿಷ್ ಹೆಸರಿನ ಚಿಂತೆಯೂ ಮಲೆನಾಡಿನ ಗಡಿ ದಾಟಿ ಬಯಲಿಗೆ ಇಳಿದಿದೆ.

ಬಯಲಿನ ತೆಂಗಿನ ಬೆಳೆಗಾರನಿಗೆ ಬೀಟಲ್ ಎಂಬ ಸದ್ದು ಕೇಳಿದರೆ ನೆನಪಾಗುವುದೇ ಬೇರೆ, ಸುಳಿಯನ್ನು ಕೊರೆದು ಗರಿಗಳನ್ನು ಕತ್ತರಿ ಆಡಿಸಿದಂತೆ ಕತ್ತರಿಸುವ ಕುರುವಾಯಿ ಕೀಟ. ಇಂಗ್ಲಿಷಿನಲ್ಲಿ ಅದು ರೈನೋಸೆರಸ್ ಬೀಟಲ್. ವೀಳ್ಯದೆಲೆಯ ಬೀಟಲ್ಲಿಗೂ ದುಂಬಿಯ ಬೀಟಲ್ಲಿಗೂ ಇಂಗ್ಲಿಷಿನಲ್ಲಿ ಕಾಗುಣಿತ ಬೇರೆ, ಉಚ್ಚಾರ ಒಂದೇ. ಕನ್ನಡದಲ್ಲಿ ಬರೆದರೆ ಕಾಗುಣಿತವೂ ಒಂದೇ. ಇಂಗ್ಲಿಷ್ ತಾಯ್ನುಡಿಯಾದವರೇ ಅಡಿಕೆಗೆ ದುಂಬಿಯ ಕಾಗುಣಿತ ಹಾಕಿ ‘ದುಂಬಿಕಾಯಿ’ ಮಾಡಿ ಬರೆಯುವುದು ಅಪರೂಪವಲ್ಲ. ಮೊದಲು ಎಲೆಯ ಹೆಸರು, ಆಮೇಲೆ ಹುಳುವಿನ ಹೆಸರು. ಅರೆಕ ಎಂಬ ಪದ ಬಳಸಿದರೆ ಈ ಎರಡನೇ ಅವಮಾನವಾದರೂ ತಪ್ಪುತ್ತದೆ.

ಕೃಷಿ ವಿಜ್ಞಾನಿಗಳು ಮಾತ್ರ ಮೊದಲಿನಿಂದ ನಾಲಗೆ ಬಿಗಿಹಿಡಿದಿದ್ದಾರೆ. ಮೈಸೂರು ಸಂಸ್ಥಾನ ಕೃಷಿ ಇಲಾಖೆಗೆ ಕರೆಸಿಕೊಂಡ ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಇಲ್ಲಿಗೆ ಬಂದಾಗ ಮಲೆನಾಡಿನ ತೋಟಗಳಲ್ಲಿ ಮಳೆಗಾಲದಲ್ಲಿ ಎಳೆಗಾಯಿ ಕೊಳೆತು ಉದುರುತ್ತಿತ್ತು. ರೈತರಿಗೆ ಗೊತ್ತಿದ್ದ ಉಪಾಯ ಗೊನೆಗೆ ಕೊಟ್ಟೆ ಕಟ್ಟುವುದೊಂದೇ. ಕೋಲ್ಮನ್ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ದಾರಿ ತೋರಿದರು. ಇವತ್ತಿಗೂ ಶೇಕಡ 1ರ ಬೋರ್ಡೋ, ಅಂದರೆ 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ, ಮಳೆಗಾಲದ ಮುನ್ನ ತೋಟದ ಮನೆಗಳ ಮುಖ್ಯ ಮಾತು. 1910ರಲ್ಲಿ ಅವರು ಬರೆದ ಇಲಾಖೆಯ ವರದಿಯ ತಲೆಬರಹದಲ್ಲಿ ಮರಕ್ಕೆ ‘ಅರೆಕ ಪಾಮ್’ ಎಂಬ ಹೆಸರಿದೆ. ರೋಗಕ್ಕೆ ‘ಕೊಳೆರೋಗ’ ಎಂದೇ ಇದೆ, ರೋಮನ್ ಅಕ್ಷರದಲ್ಲಿ. ಇಂಗ್ಲಿಷ್ ಕೃಷಿ ಗ್ರಂಥಗಳಿಗೆ ಕನ್ನಡ ಕೊಟ್ಟ ಪದ ಅದು. ಚಿಕ್ಕಮಗಳೂರಿನ ಕಾಫಿ ತೋಟದವರು ಕಾಫಿ ಎಲೆಯ ಕಪ್ಪು ಕೊಳೆತಕ್ಕೂ ಅದೇ ಹೆಸರು ಹೇಳುತ್ತಾರೆ. ಶಿಲೀಂಧ್ರ ಬೇರೆ, ಹೆಸರು ಒಂದೇ. ತಪ್ಪು ಹೆಸರು ಹಂಚಿಕೊಳ್ಳುವ ಚಾಳಿ ಇಂಗ್ಲಿಷರದು ಮಾತ್ರ ಎಂದು ಬೀಗುವ ಹಾಗಿಲ್ಲ.

ವಿಜ್ಞಾನಿಗಳ ಹಾದಿಯನ್ನೇ ಸಂಸ್ಥೆಗಳೂ ಹಿಡಿದವು. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ, 1939ರಿಂದ ಶಿವಮೊಗ್ಗದಲ್ಲಿ ವ್ಯವಹರಿಸುತ್ತಿರುವ ಮ್ಯಾಮ್ಕೋಸ್, ಕಲ್ಲಿಕೋಟೆಯಲ್ಲಿರುವ ಕೇಂದ್ರದ ಅಡಿಕೆ ಮತ್ತು ಸಾಂಬಾರ ಬೆಳೆಗಳ ಅಭಿವೃದ್ಧಿ ನಿರ್ದೇಶನಾಲಯ, ಇವುಗಳ ಪೂರ್ಣ ಇಂಗ್ಲಿಷ್ ಹೆಸರಿನಲ್ಲೆಲ್ಲ ಇರುವುದು ಅರೆಕ ಅಥವಾ ಅರೆಕನಟ್. ಭಾರತದಲ್ಲಿ ಅದನ್ನು ಒಂದೇ ಪದವಾಗಿ ಕೂಡಿಸಿ ಬರೆಯುವ ರೂಢಿ ಬಂದಿದೆ. ಹೊರಗಿನವರು ಎರಡಾಗಿ ಬಿಡಿಸಿ ಬರೆಯುತ್ತಾರೆ. ಎರಡೂ ಸರಿ. ಮಾರುಕಟ್ಟೆಯ ದರಪಟ್ಟಿಯನ್ನು ಇಂಗ್ಲಿಷಿನಲ್ಲಿ ನೋಡಿದರೆ ಇನ್ನೂ ಖುಷಿಯಾಗುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಇವೆಲ್ಲ ಹಾಗೆಯೇ ರೋಮನ್ ಅಕ್ಷರದಲ್ಲಿ ಕೂತಿವೆ. ಚೇಣಿದಾರ ಹಸಿ ಅಡಿಕೆ ಕೊಯ್ಸಿ, ಸುಲಿಸಿ, ಹಂಡೆಯಲ್ಲಿ ಬೇಯಿಸಿ, ಚೊಗರು ಹಾಕಿ, ಒಣಗಿಸಿ, ಆರಿಸಿದ ಮೇಲೆ ಬರುವ ಈ ಭೇದಗಳಿಗೆ ಇಂಗ್ಲಿಷಿನಲ್ಲಿ ಪದವಿಲ್ಲ, ಇರಬೇಕಾಗಿಯೂ ಇಲ್ಲ. ಎಲೆಗೂ ಅಡಿಕೆಗೂ ವ್ಯತ್ಯಾಸ ಕಾಣದ ಭಾಷೆ ಬೆಟ್ಟೆಗೂ ಗೊರಬಲಿಗೂ ವ್ಯತ್ಯಾಸ ಕಲಿತದ್ದು ದರದ ಮಹಿಮೆ.

ಕಾನೂನಿನ ಇಂಗ್ಲಿಷಿಗೆ ಬಂದರೆ ಸ್ಥಿತಿ ಮತ್ತೆ ಹದಗೆಡುತ್ತದೆ. ಜಗತ್ತಿನ ದೇಶಗಳು ಒಪ್ಪಿಕೊಂಡ ಸುಂಕದ ಪಟ್ಟಿಯಲ್ಲಿ 2012ರಿಂದ ಅಡಿಕೆಗೆ 0802.80 ಎಂಬ ಪ್ರತ್ಯೇಕ ಸಂಖ್ಯೆಯಿದೆ. ಅಲ್ಲಿ ಅದು ಅರೆಕ ನಟ್. ಭಾರತದ ಪಟ್ಟಿಯಲ್ಲಿ ಅದೇ ಪುಸ್ತಕದ 21ನೇ ಅಧ್ಯಾಯಕ್ಕೆ ಹೋದರೆ ‘ಸುಪಾರಿ ಎಂದು ಕರೆಯಲಾಗುವ ಬೀಟಲ್ ನಟ್ ಉತ್ಪನ್ನ’ ಎಂಬ ಇನ್ನೊಂದು ಸಾಲು, 2106 90 30. ಒಂದೇ ಕಾಯಿಗೆ 8ನೇ ಅಧ್ಯಾಯದಲ್ಲಿ ಒಂದು ಹೆಸರು, 21ರಲ್ಲಿ ಮತ್ತೆರಡು. ಹೊರದೇಶದಿಂದ ಬಂದ ಬೇಯಿಸಿದ ಅಡಿಕೆ ಯಾವ ಅಧ್ಯಾಯಕ್ಕೆ ಸೇರಬೇಕು ಎಂದು ಆಮದುದಾರರೂ ಕಸ್ಟಮ್ಸ್ ಇಲಾಖೆಯವರೂ ಕೋರ್ಟು ಹತ್ತಿದ್ದುಂಟು. ಇದು ತರೀಕೆರೆಯ ಬೆಳೆಗಾರನಿಗೆ ಸಂಬಂಧವಿಲ್ಲದ ಜಗಳವೇನೂ ಅಲ್ಲ. ಅಗ್ಗದ ಅಡಿಕೆ ಒಳಬಾರದಿರಲೆಂದು ಕೇಂದ್ರ 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 351 ರೂಪಾಯಿಗೆ ಏರಿಸಿತು. ಅಂಥ ಬೇಲಿ ನಿಲ್ಲುವುದು, ಬಂದ ಸರಕಿಗೆ ಯಾವ ಹೆಸರು ಹಚ್ಚಿದ್ದಾರೆ ಎಂಬುದರ ಮೇಲೆ. ಹೆಸರು ಬದಲಾದರೆ ಬೇಲಿಯಲ್ಲಿ ಕಂಡಿ.

ಸುಪ್ರೀಂ ಕೋರ್ಟಿನ ಮುಂದೆ ಬಂದ ಇನ್ನೊಂದು ಪ್ರಶ್ನೆ ಯಾವ ಅಜ್ಜಿಯೂ ಜಗಲಿಯಲ್ಲಿ ಕೂತು ಬಿಡಿಸಬಹುದಾದದ್ದು. ಅಡಿಕೆಯನ್ನು ಕತ್ತರಿಸಿ, ಸುವಾಸನೆಯ ಎಣ್ಣೆ, ಮೆಂಥಾಲ್, ಸಿಹಿ ಬೆರೆಸಿದರೆ ಅದು ಹೊಸ ವಸ್ತುವಾಗುತ್ತದೆಯೇ, ತಯಾರಿಕೆಯ ತೆರಿಗೆ ಕಟ್ಟಬೇಕೇ? ಕ್ರೇನ್ ಬೀಟಲ್ ನಟ್ ಪೌಡರ್ ವರ್ಕ್ಸ್ ಪ್ರಕರಣದಲ್ಲಿ 2007ರಲ್ಲಿ ಕೋರ್ಟು, ಎಷ್ಟು ಕತ್ತರಿಸಿ ಏನೇ ಬೆರೆಸಿದರೂ ಅಡಿಕೆ ಅಡಿಕೆಯಾಗಿಯೇ ಉಳಿಯುತ್ತದೆ ಎಂದು ತೀರ್ಮಾನಿಸಿತು. ಸರ್ಕಾರ ಸುಮ್ಮನಿರದೆ ಮುಂದೆ ಸುಂಕದ ಕಾಯ್ದೆಗೇ ಟಿಪ್ಪಣಿ ಸೇರಿಸಿ, ಹಾಗೆ ಬೆರೆಸುವುದೂ ತಯಾರಿಕೆಯೇ ಎಂದು ಸಾರಿತು. ಅಡಿಕೆಯ ಗುಣ ಬದಲಾಯಿತೇ ಇಲ್ಲವೇ ಎಂದು ಇಷ್ಟೆಲ್ಲ ವಾದ ಮಾಡಿದ ವಕೀಲರಲ್ಲಿ, ತೀರ್ಪಿನುದ್ದಕ್ಕೂ ಅಡಿಕೆಯನ್ನು ಎಲೆಯ ಹೆಸರಿನಿಂದ ಕರೆದದ್ದರ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ಆ ಕಾರ್ಖಾನೆಯ ಪುಡಿಯಲ್ಲಿ ಎಲೆ ಒಂದು ಚೂರೂ ಇರಲಿಲ್ಲ.

ಆಹಾರ ಸುರಕ್ಷತೆಯ ನಿಯಮಗಳಲ್ಲಿ ಪಾನ್ ಮಸಾಲದ ವ್ಯಾಖ್ಯೆಗೆ ಬಂದಾಗ ಅಡಿಕೆ ಬೀಟಲ್ ನಟ್. ಅಡಿಕೆ ಪೊಟ್ಟಣದ ಮೇಲೆ ಹಾಕಬೇಕಾದ ಎಚ್ಚರಿಕೆಗೆ ಬಂದಾಗ ಅದೇ ಸುಪಾರಿ. ಈ ಸುಪಾರಿಗೆ ಕನ್ನಡ ಪತ್ರಿಕೆಗಳಲ್ಲಿ ಬೇರೆ ಜೀವನವೇ ಇದೆ. ಅಡಿಕೆ ಧಾರಣೆ ವಾಣಿಜ್ಯ ಪುಟದಲ್ಲಿ, ಸುಪಾರಿ ಅಪರಾಧ ಪುಟದಲ್ಲಿ. ಮುಂಬಯಿಯ ಭೂಗತ ಲೋಕದಲ್ಲಿ ಕೊಲೆಗೆ ಕೊಟ್ಟ ಗುತ್ತಿಗೆಗೆ ಸುಪಾರಿ ಎಂದು ಹೆಸರಾಗಿ, ಆ ಪದ ಕನ್ನಡದ ಸುದ್ದಿಗೂ ಬಂತು. ಕನ್ನಡದ ಹಳೆಯ ಕಾವ್ಯಗಳಲ್ಲಿ ಯುದ್ಧಕ್ಕೆ ಕಳಿಸುವಾಗ ಕೊಡುತ್ತಿದ್ದದ್ದು ರಣವೀಳ್ಯ. ಹಿಂದಿಯವರು ಅಡಿಕೆ ಕೊಟ್ಟರು, ಕನ್ನಡದವರು ಎಲೆ ಕೊಟ್ಟರು, ಕೆಲಸ ಮಾತ್ರ ಒಂದೇ. ಹಾಗೆ ನೋಡಿದರೆ ಕನ್ನಡದಲ್ಲಿ ಮಾನದ ಮಾತುಗಳೆಲ್ಲ ಎಲೆಯ ಪಾಲಿಗೆ ಬಂದಿವೆ: ವೀಳ್ಯ ಕೊಟ್ಟು ಕರೆಯುವುದು, ವೀಳ್ಯಶಾಸ್ತ್ರ, ತಾಂಬೂಲ ಬದಲಾಯಿಸಿಕೊಳ್ಳುವುದು. ಅಡಿಕೆಗೆ ಸಿಕ್ಕಿದ್ದು ಅಡಕತ್ತರಿ. ಮೇಲೆ ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆ.

ಹೆಸರಿನ ಈ ಜಾರಾಟ ನಿಜವಾಗಿ ಕಚ್ಚುವುದು ವೈದ್ಯರ ಕೋಣೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರ ತನ್ನ ಸಂಪುಟದಲ್ಲಿ ತಂಬಾಕು ಬೆರೆಸಿದ ತಾಂಬೂಲ ಕ್ಯಾನ್ಸರಿಗೆ ಕಾರಣ ಎಂದಿತು. ತಂಬಾಕಿಲ್ಲದ ತಾಂಬೂಲದ ಬಗ್ಗೆ ಆಗ ಸಾಕಷ್ಟು ಪುರಾವೆ ಇರಲಿಲ್ಲ. ಬೆಳೆಗಾರರು ನಿಟ್ಟುಸಿರು ಬಿಟ್ಟರು, ತಪ್ಪು ತಂಬಾಕಿನದು ಎಂದು. 2004ರಲ್ಲಿ ಬಂದ 85ನೇ ಸಂಪುಟ ಆ ನಿಟ್ಟುಸಿರಿಗೂ ಕಲ್ಲು ಹಾಕಿತು. ತಂಬಾಕಿಲ್ಲದ ತಾಂಬೂಲವೂ, ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲನೇ ಗುಂಪಿಗೆ ಸೇರುತ್ತವೆ ಎಂದು ಅದು ಹೇಳಿತು. ಆ ಸಂಪುಟದ ತಲೆಬರಹ ‘ಬೀಟಲ್ ಕ್ವಿಡ್’ ಮತ್ತು ‘ಅರೆಕ ನಟ್’ ಎರಡನ್ನೂ ಬೇರೆಬೇರೆಯಾಗಿ ಹೆಸರಿಸುತ್ತದೆ. ಎರಡು ಪದಗಳನ್ನು ತಪ್ಪಿಲ್ಲದೆ ಬಳಸುವುದು ಹೇಗೆಂದು ಕಲಿಯಬೇಕಾದವರಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕ್ವಿಡ್ ಎಂದರೆ ಬಾಯಿಗೆ ಹಾಕಿಕೊಳ್ಳುವ ಇಡೀ ಉಂಡೆ, ಎಲೆ ಸುಣ್ಣ ಅಡಿಕೆ ಎಲ್ಲ ಸೇರಿದ್ದು. ಆ ಇಡಿಗೆ ಎಲೆಯ ಹೆಸರು ನಿಲ್ಲುವುದು ನ್ಯಾಯವೇ. ಕನ್ನಡದಲ್ಲೂ ವೀಳ್ಯ ಎಂದರೆ ಬರೀ ಎಲೆಯಲ್ಲ. ಬಿಡಿಯಾಗಿ ಬೀಜದ ಮಾತು ಬಂದಾಗ ಮಾತ್ರ ಅರೆಕ ಎನ್ನಲೇಬೇಕು.

ಇಲ್ಲೇ ಅಡಕತ್ತರಿ ಬಾಯಿ ತೆರೆಯುತ್ತದೆ. ‘ಬೀಟಲ್ ಜಗಿದರೆ ಕ್ಯಾನ್ಸರ್’ ಎಂದು ಇಂಗ್ಲಿಷ್ ತಲೆಬರಹ ಬಂದಾಗಲೆಲ್ಲ ಪಾಪದ ಎಲೆ ಆರೋಪಿಯ ಕಟಕಟೆಯಲ್ಲಿ ನಿಲ್ಲುತ್ತದೆ. ಸಂಶೋಧಕರು ಬೆರಳು ತೋರಿಸುತ್ತಿರುವ ಅರೆಕೊಲಿನ್ ಎಂಬ ಕ್ಷಾರಾಭ ಇರುವುದು ಅಡಿಕೆಯಲ್ಲಿ, ಎಲೆಯಲ್ಲಲ್ಲ. ಹೆಸರೇ ಹೇಳುತ್ತದೆ. ಕೆನ್ನೆಯ ಒಳಪದರ ಗಡುಸಾಗಿ ಬಾಯಿ ತೆರೆಯಲಾಗದಂತೆ ಮಾಡುವ ಕಾಯಿಲೆಯ ಹಿಂದಿರುವುದೂ ಅಡಿಕೆಯ ಜಗಿತವೇ. ಅಂದರೆ ತಪ್ಪು ಹೆಸರು ಇಷ್ಟು ದಿನ ಅಡಿಕೆಗೆ ಮರೆಯಾಗಿ ನಿಂತಿತ್ತು. ಸರಿಯಾದ ಪದಕ್ಕಾಗಿ ಬೆಳೆಗಾರರು ಹೋರಾಡಿ ಗೆದ್ದರೆ, ಗೆದ್ದ ಮರುದಿನ ಆರೋಪವೂ ಸರಿಯಾದ ವಿಳಾಸಕ್ಕೇ ತಲುಪುತ್ತದೆ. ತರೀಕೆರೆ ಸೀಮೆಯಲ್ಲಿ ಮಕ್ಕಳ ಓದು, ಮದುವೆ, ಮನೆಯ ಸಾಲ ಎಲ್ಲವೂ ಅಡಿಕೆಯ ಮೇಲೆ ನಿಂತಿರುವಾಗ ಇದು ಹಗುರದ ಮಾತಲ್ಲ. ಆದರೂ ಬಾಯಿಹುಣ್ಣಿನ ರೋಗಿಗೆ ವೈದ್ಯರು ‘ಬೀಟಲ್ ಬಿಡಿ’ ಎಂದು ಇಂಗ್ಲಿಷಿನಲ್ಲಿ ಬರೆದು, ಅವನು ಎಲೆ ಬಿಟ್ಟು ಪೊಟ್ಟಣದ ಅಡಿಕೆ ಮುಂದುವರಿಸಿದರೆ ಅದರ ಬೆಲೆ ಧಾರಣೆಯಲ್ಲಿ ತೂಗುವಂಥದ್ದಲ್ಲ.

ಹಾಳೆ ತಟ್ಟೆಯದು ಇತ್ತೀಚಿನ ಕಥೆ. ಮದುವೆ ಊಟಕ್ಕೆ ಬಳಸುವ, ಅಡಿಕೆ ಹಾಳೆಯನ್ನು ಒತ್ತಿ ಮಾಡಿದ ತಟ್ಟೆ ಅಮೆರಿಕಕ್ಕೆ ‘ಅರೆಕ ಲೀಫ್ ಪ್ಲೇಟ್’ ಆಗಿ ಹೋಗುತ್ತಿತ್ತು. ಲೀಫ್ ಎಂದರೆ ಎಲೆ, ಹಾಳೆಯೆಂದರೆ ಸೋಗೆಯ ಬುಡದ ಹೊದಿಕೆ. ಅಲ್ಲೂ ಹೆಸರು ಒಂದು ಮೊಳ ಮೇಲಕ್ಕೆ ಹತ್ತಿತ್ತು. 2025ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಡಿಕೆಯ ಕ್ಷಾರಾಭಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಎಂಬ ಕಾರಣಕ್ಕೆ ಆಮದಿಗೆ ತಡೆಯೊಡ್ಡಿತು. ಅಲ್ಲಿರುವ ಹುಡುಗ ಊರಿಗೆ ಫೋನ್ ಮಾಡಿ, “ಮಾವ, ಇಲ್ಲಿ ಬೀಟಲ್ ಪ್ಲೇಟ್ ಬ್ಯಾನ್ ಅಂತೆ” ಎಂದರೆ, “ಎಲೆಯಲ್ಲಿ ಯಾರೋ ತಟ್ಟೆ ಮಾಡಿದ್ದು? ಬಾಳೆ ಎಲೆನಾ?” ಎಂದು ಮಾವ ಕೇಳಿದರೆ ಆಶ್ಚರ್ಯವಿಲ್ಲ.

ಎಲೆಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಎಲೆಚುಕ್ಕೆ ರೋಗ ಮಲೆನಾಡಿನ ತೋಟಗಳನ್ನು ಹಿಂಡುತ್ತಿರುವಾಗ ಬೆಳೆಗಾರರ ಮಕ್ಕಳು ಫೋನಿನಲ್ಲಿ ಔಷಧ ಹುಡುಕುತ್ತಾರೆ. ‘ಬೀಟಲ್ ಲೀಫ್ ಸ್ಪಾಟ್’ ಎಂದು ಹುಡುಕಿದರೆ ಸಿಗುವುದು ವೀಳ್ಯದೆಲೆಯ ಚುಕ್ಕೆಗೆ ಮದ್ದು. ಬೇಕಾದದ್ದು ಅಡಿಕೆ ಸೋಗೆಯ ಚುಕ್ಕೆಗೆ, ಅಂದರೆ ‘ಅರೆಕನಟ್ ಲೀಫ್ ಸ್ಪಾಟ್’. ತಿರುಗಾಮುರುಗಾ ಆದರೆ ಇನ್ನೂ ಕೆಟ್ಟದ್ದು. ಮರದ ಸೋಗೆಗೆ ಹೊಡೆಯುವ ಔಷಧವನ್ನು ಹಸಿಯಾಗಿ ಜಗಿಯುವ ಎಲೆಗೆ ಹೊಡೆದರೆ ಅದು ನೇರ ಬಾಯಿಗೇ ಹೋಗುತ್ತದೆ. ಎಲೆ, ಬಳ್ಳಿ, ಎಲೆದೋಟ, ತಾಂಬೂಲ, ಎಲಡಿಕೆ ಪೆಟ್ಟಿಗೆ ಇವುಗಳಿಗೆ ಬೀಟಲ್. ಮರ, ತೋಟ, ಹಿಂಗಾರ, ಗೊನೆ, ಸಿಪ್ಪೆ, ಹಾಳೆ, ಸೋಗೆ, ಬೀಜ ಇವುಗಳಿಗೆ ಅರೆಕ. ತೋಟದೊಳಗೆ ಕಾಲಿಟ್ಟವರಿಗೆ ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಕನ್ನಡ, ತಮಿಳುಗಳಷ್ಟೇ ಅಲ್ಲ, ಅಡಿಕೆ ಬೆಳೆಯುವ ನಾಡುಗಳ ಯಾವ ಭಾಷೆಯೂ ಈ ತಪ್ಪು ಮಾಡಿದಂತಿಲ್ಲ. ಅಮರಕೋಶದಲ್ಲಿ ಅಡಿಕೆಗೆ ಪೂಗ, ಕ್ರಮುಕ, ಗುವಾಕ, ಎಲೆಗೆ ನಾಗವಲ್ಲಿ. ಪೂಜೆಯಲ್ಲಿ ತಾಂಬೂಲ ಅರ್ಪಿಸುವಾಗ ಪುರೋಹಿತರು ಎರಡನ್ನೂ ಬೇರೆಬೇರೆಯಾಗಿಯೇ ಹೆಸರಿಸುತ್ತಾರೆ. ಅಸ್ಸಾಮಿನ ಗುವಾಹಟಿ ಅಡಿಕೆಯ ಹಟ್ಟ, ಅಂದರೆ ಸಂತೆ. ಮಲೇಷ್ಯಾದ ಪೆನಾಂಗ್ ದ್ವೀಪ ಮಲಯ್ ಭಾಷೆಯ ಪಿನಾಂಗ್ ಎಂಬ ಅಡಿಕೆಯ ಹೆಸರು ಹೊತ್ತಿದೆ. ಇಂಗ್ಲೆಂಡಿನಲ್ಲಿ ಅಡಿಕೆ ಮರವೂ ಇಲ್ಲ, ಎಲೆಬಳ್ಳಿಯೂ ಇಲ್ಲ.

ಹಾಗಾದರೆ ಅರೆಕ ಎಂದು ಬರೆದುಬಿಟ್ಟರೆ ಎಲ್ಲ ಸರಿಯಾಯಿತೇ? ಇಲ್ಲ, ಬೆಂಗಳೂರಿನ ನರ್ಸರಿಗಳಿವೆ. ಅಲ್ಲಿ ‘ಅರೆಕ ಪಾಮ್’ ಎಂದು ಕುಂಡದಲ್ಲಿಟ್ಟು ಮಾರುವ, ಬ್ಯಾಂಕು, ಆಸ್ಪತ್ರೆ, ಅಪಾರ್ಟ್‌ಮೆಂಟುಗಳ ಮೂಲೆಯಲ್ಲೆಲ್ಲ ನಿಂತಿರುವ ಗಿಡ ಮಡಗಾಸ್ಕರ್ ಮೂಲದ, ಅಡಿಕೆಯೇ ಅಲ್ಲದ ಬೇರೊಂದು ತಾಳೆ. ಹಳದಿ ಛಾಯೆಯ ಕಾಂಡಗಳು ಗುಂಪಾಗಿ ಏಳುತ್ತವೆ, ಅಂದ ಚೆನ್ನಾಗಿದೆ, ಜಗಿಯುವ ಕಾಯಿ ಮಾತ್ರ ಬಿಡುವುದಿಲ್ಲ. ಮಗನ ಫ್ಲ್ಯಾಟಿಗೆಂದು ಗಿಡ ಕೊಳ್ಳಲು ಹೋದ ಅಜ್ಜಂಪುರದ ಯಜಮಾನರು ಆ ಕುಂಡದ ಮುಂದೆ ನಿಂತರೆ ಮಾತು ಸುಮಾರು ಹೀಗೆ ನಡೆಯುತ್ತದೆ.

“ಇದೇನಪ್ಪ?”

“ಅರೆಕ ಪಾಮ್, ಸಾರ್. ಅಡಿಕೆ.”

“ಯಾವ ತಳಿ?”

“ತಳಿ ಗೊತ್ತಿಲ್ಲ ಸಾರ್. ಮನೆಯೊಳಗಿನ ಗಾಳಿ ಶುದ್ಧ ಮಾಡುತ್ತೆ.”

“ಫಸಲು ಎಷ್ಟು ವರ್ಷಕ್ಕೆ?”

“ಫಸಲಾ? ಒಳಗಡೆ ಇಡೋ ಗಿಡ ಸಾರ್ ಇದು. ದಿನ ಬಿಟ್ಟು ದಿನ ಒಂದು ಲೋಟ ನೀರು ಹಾಕಿದರೆ ಸಾಕು.”

“ಒಂದು ಲೋಟಾನಾ?” ಎನ್ನುತ್ತಾರೆ ಯಜಮಾನರು. “ಹಂಗಾದ್ರೆ ನಮ್ಮೂರಿಗೆ ಇದೇ ಸರಿ ಕಣಪ್ಪ.”